ಹೆಸರಿನ ಮುಂದಿನ ಅಕ್ಷರ

1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಕಂಪ್ಯೂಟರಿಗಾಗಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗ, ವೇರಿಯಬಲ್‌ಗೆ ಆರಕ್ಷರ ಮೀರಿದ ಹೆಸರಿಡುವಂತಿರಲಿಲ್ಲ. ಆ ಯಂತ್ರದ ಒಂದು ‘ವರ್ಡ್’ ಎಂದರೆ 36 ಬಿಟ್, ಒಂದಕ್ಷರಕ್ಕೆ 6 ಬಿಟ್. ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನೊಂದು ಕಟ್ಟಳೆಯೂ ಇತ್ತು. ಹೆಸರು ‘ಐ’ನಿಂದ ‘ಎನ್’ವರೆಗಿನ ಯಾವುದಾದರೂ ಅಕ್ಷರದಿಂದ ಶುರುವಾದರೆ ಒಳಗಿರುವುದು ಪೂರ್ಣಾಂಕ, ಇಲ್ಲವಾದರೆ ದಶಮಾಂಶದ ‘ರಿಯಲ್’ ಸಂಖ್ಯೆ. ಮುಂದೆ ಈ ನಿಯಮವನ್ನು ಮೀರುವ ಅವಕಾಶ ಬಂದಾಗ ಪ್ರೋಗ್ರಾಮರುಗಳಲ್ಲಿ ಒಂದು ನಗೆಮಾತು ಹುಟ್ಟಿತು: ಪೂರ್ಣಾಂಕವೆಂದು ಘೋಷಿಸದ ಹೊರತು ‘ಗಾಡ್’ ರಿಯಲ್.

ಹೆಸರಿನ ಮುಂದೆ ಗುರುತು ಕಟ್ಟುವ ಈ ಅಭ್ಯಾಸವನ್ನು ಬೇರೆಯೇ ದಾರಿಗೆ ಒಯ್ದವರು ಬುಡಾಪೆಸ್ಟಿನಲ್ಲಿ ಹುಟ್ಟಿದ ಚಾರ್ಲ್ಸ್ ಸಿಮೋನ್ಯಿ. 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿದ್ದ ಅವರು 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರ ಪದ್ಧತಿಗೆ ‘ಹಂಗೇರಿಯನ್’ ಎಂಬ ಹೆಸರು ಅಂಟಿತು. ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಊರು, ತಂದೆಯ ಹೆಸರಿನ ಅಕ್ಷರಗಳನ್ನು ಮುಂದಿಟ್ಟುಕೊಳ್ಳುವ ಕನ್ನಡಿಗರಿಗೆ ಇದೇನೂ ವಿಚಿತ್ರವಲ್ಲ. ದೆಹಲಿಯ ಅರ್ಜಿ ನಮೂನೆಯ ‘ಸರ್‌ನೇಮ್’ ಖಾನೆ ಮಾತ್ರ ಇಂದಿಗೂ ಅವರನ್ನು ತಡವರಿಸುವಂತೆ ಮಾಡುತ್ತದೆ.

ಸಿಮೋನ್ಯಿಯವರ ವಿಚಾರ ಸೂಕ್ಷ್ಮವಾದದ್ದು. ಕೋಷ್ಟಕದ ಸಾಲಿನ ಸಂಖ್ಯೆಯೂ ಕಂಬದ ಸಂಖ್ಯೆಯೂ ಯಂತ್ರಕ್ಕೆ ಬರೀ ಪೂರ್ಣಾಂಕಗಳು. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ಅದು ಆಕ್ಷೇಪಿಸದು. ಸಾಲಿಗೆ ‘ಆರ್‌ಡಬ್ಲ್ಯು’, ಕಂಬಕ್ಕೆ ‘ಸಿಒಎಲ್’ ಎಂದು ಮುಂದೆ ಬರೆದಿದ್ದರೆ, ತಪ್ಪು ಓದುವವರ ಕಣ್ಣಿಗೇ ಹೊಡೆಯುತ್ತದೆ. ಇದನ್ನು ವಿವರಿಸಲು ಅವರು ಬಳಸಿದ ಪದ ‘ಟೈಪ್’. ಅವರ ಮನಸ್ಸಿನಲ್ಲಿದ್ದುದು ವಸ್ತುವಿನ ಬಗೆ, ಅದರ ಉದ್ದೇಶ. ಓದಿದ ಹಲವರಿಗೆ ಹೊಳೆದದ್ದು ಯಂತ್ರ ಅದನ್ನು ಶೇಖರಿಸಿಡುವ ರೂಪ. ಒಂದೇ ಪದಕ್ಕೆ ಎರಡರ್ಥ; ಭಾಷೆಯಲ್ಲಿ ದಿನವೂ ನಡೆಯುವ ಅಪಘಾತ.

ವಿಂಡೋಸ್‌ನಲ್ಲಿ ಈ ಎರಡನೆಯ ಅರ್ಥವೇ ಗೆದ್ದಿತು. 16 ಬಿಟ್‌ನ ‘ವರ್ಡ್’ ಎಂದು ಸಾರಲು ಒಂದು ಹೆಸರಿನ ಮುಂದೆ ‘ಡಬ್ಲ್ಯು’ ಸೇರಿಸಿ ‘ಡಬ್ಲ್ಯು-ಪ್ಯಾರಮ್’ ಎಂದರು. 1993ರಲ್ಲಿ ವಿಂಡೋಸ್ ಎನ್‌ಟಿ ಬಂದಾಗ ಆ ಜಾಗ 32 ಬಿಟ್ಟಿಗೆ ಹಿಗ್ಗಿತು. ಆದರೆ ಹೆಸರು ಹೊರಗಿನವರು ಬರೆದ ಪ್ರೋಗ್ರಾಂಗಳಲ್ಲೆಲ್ಲ ಹರಡಿಹೋಗಿತ್ತು. ಬದಲಿಸಿದರೆ ಅವೆಲ್ಲ ಮುರಿಯುತ್ತಿದ್ದವು. ಹೆಸರಿಲ್ಲದಿದ್ದರೂ ನಡೆದೀತು, ಸುಳ್ಳು ಹೇಳುವ ಹೆಸರನ್ನು ನಂಬಿ ಕೆಟ್ಟವನ ಪಾಡು ಬೇರೆ.

2005ರಲ್ಲಿ ಜೋಯೆಲ್ ಸ್ಪೋಲ್‌ಸ್ಕಿ ಪ್ರಬಂಧವೊಂದನ್ನು ಬರೆದು ಸಿಮೋನ್ಯಿಯವರ ಮೂಲ ಆಶಯವನ್ನು ಬಿಡಿಸಿ ತೋರಿಸಿದರು. ಮೈಕ್ರೋಸಾಫ್ಟ್ ತನ್ನ ಡಾಟ್‌ನೆಟ್ ಮಾರ್ಗಸೂಚಿಯಲ್ಲಿ ಹಂಗೇರಿಯನ್ ಪದ್ಧತಿಯನ್ನೇ ಬೇಡವೆಂದಿತು. 64 ಬಿಟ್ ವಿಂಡೋಸ್‌ನಲ್ಲಿ ‘ಡಬ್ಲ್ಯು-ಪ್ಯಾರಮ್’ನ ಅಳತೆ ಈಗ 64 ಬಿಟ್. ಮುಂದಿನ ‘ಡಬ್ಲ್ಯು’ ಹಾಗೇ ಇದೆ.