ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಹಾದಿಗೆ



ಬೈಪಾಸ್ ಮಾಡಿಸಿಕೊಂಡು ಝರಾಸಂಗಮಕ್ಕೆ ಮರಳಿದಾಗ ನನಗೊಂದು ಇಬ್ಬಂದಿ ಎದುರಾಯಿತು. ವಾರಕ್ಕೆ ಮೂರು ಸಲ ಹೈದರಾಬಾದಿಗೆ ಹೋಗಿ ದವಾಖಾನೆಯವರ ಕಣ್ಣೆದುರು ವ್ಯಾಯಾಮ ಮಾಡಬೇಕೋ, ಮನೆಯಲ್ಲೇ ಮಾಡಬೇಕೋ? ಹೋಗಿಬರಲು ಇನ್ನೂರು ಕಿಲೋಮೀಟರಿಗೂ ಮೇಲೆ. ಬ್ಯಾಂಕಿನ ಗುಮಾಸ್ತನಲ್ಲವೇ, ಮೊದಲು ಬಸ್ಸಿನ ಖರ್ಚನ್ನೇ ಕೂಡಿಸಿದೆ!

ಹಿಂದೆ ಈ ಆಯ್ಕೆಯೇ ಇರಲಿಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಮಂಚದಿಂದ ಇಳಿಯಗೊಡುತ್ತಿರಲಿಲ್ಲ. ಮಲಗಿ ಮಲಗಿಯೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಸತ್ತವರಿದ್ದಾರೆ. 1952ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಲೆವಿನ್ ಮತ್ತು ಲೌನ್, ಅಂಥ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಗುಣ ಕಂಡರು. ಸೋಜಿಗವೆಂದರೆ, ಲಂಡನ್ನಿನ ವೈದ್ಯ ಹೆಬರ್ಡನ್ನರ 1802ರ ಪುಸ್ತಕದಲ್ಲೇ, ದಿನಕ್ಕೆ ಅರ್ಧ ಗಂಟೆ ಕಟ್ಟಿಗೆ ಕೊಯ್ದು ಎದೆನೋವನ್ನು ಬಹುಪಾಲು ಕಳೆದುಕೊಂಡವನೊಬ್ಬನ ಸುದ್ದಿ ಇತ್ತು.

1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಫವಲೋರೊ ಅವರು ಕಾಲಿನ ರಕ್ತನಾಳದಿಂದ ಬೈಪಾಸ್ ಮಾಡಿದರು. ಮುಂದೆ ಶಸ್ತ್ರಚಿಕಿತ್ಸೆಯಾದವರಿಗೂ ವ್ಯಾಯಾಮದ ಕೇಂದ್ರಗಳು ಬಂದವು, ಆದರೆ ದೊಡ್ಡ ಊರುಗಳಲ್ಲಿ. ನಮ್ಮಂಥ ಹಳ್ಳಿಯವರ ಗತಿ? ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2017ರ ಕಾಕ್ರೇನ್ ಸಮೀಕ್ಷೆಯಲ್ಲಿ, ಮನೆಯದಾಗಲಿ ಕೇಂದ್ರದ್ದಾಗಲಿ, ಫಲ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂತು.

ನಾನು ಪರೀಕ್ಷೆ ಮಾಡಿಸಿ, ವೈದ್ಯರ ಒಪ್ಪಿಗೆ ಪಡೆದು ಮನೆಯನ್ನೇ ಆರಿಸಿಕೊಂಡೆ. ನಿಮ್ಮ ಹೃದಯದ ಬಲ ಕುಗ್ಗಿದ್ದರೆ, ಬಡಿತ ತಾಳ ತಪ್ಪುತ್ತಿದ್ದರೆ ಖರ್ಚು ನೋಡಬೇಡಿ, ಕೇಂದ್ರಕ್ಕೇ ಹೋಗಿ. ಎದೆಮೂಳೆ ಕೂಡುವ ತನಕ, ಎರಡು ಮೂರು ತಿಂಗಳು, ತುಂಬಿದ ಕೊಡ ಎತ್ತಬೇಡಿ.

ಮುಂಜಾನೆ ಕೇತಕಿ ಸಂಗಮೇಶ್ವರನ ಗುಡಿ ತನಕ ಮಗನ ಜೊತೆ ಮಾತಾಡುತ್ತ ನಡೆಯುತ್ತೇನೆ. ಮಾತಿಗೆ ಉಸಿರು ಸಾಲದಾದರೆ ಅಲ್ಲೇ ಕಟ್ಟೆಯ ಮೇಲೆ ಕೂಡುತ್ತೇನೆ.