ಹಂದಿ ಕಾದ ರಾತ್ರಿಗಳು

ನನ್ನ ತವರು ಬೀದರ್ ತಾಲ್ಲೂಕಿನ ಬಗದಲ್. ಮದುವೆಯಾಗಿ ಪಟ್ಟಣ ಸೇರಿದ ನಾವು ಅಕ್ಕತಂಗಿಯರು ಎಳ್ಳಮಾವಾಸ್ಯೆಗೆ ಮಾತ್ರ ತಪ್ಪದೆ ಹೊಲಕ್ಕೆ ಹೋಗುತ್ತೇವೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಆಸೆ ನಮ್ಮನ್ನು ಅಲ್ಲಿಗೆ ಎಳೆಯುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆ ಹೋದಾಗ ಕೊಂಪೆಯೊಳಗೆ, ಸುಣ್ಣ ಬಳಿದ ಐದು ಪಾಂಡವರ ಕಲ್ಲುಗಳ ಆಚೆ, ಹೊಸ ತಂತಿಯ ಸುರುಳಿಯೊಂದು ಕಂಡಿತು.

"ಇದೇನೋ ತಮ್ಮಾ?" ಎಂದೆ.

"ಹಂದಿಗಿ, ಅಕ್ಕಾ. ಕಂಬದಿಂದ ಕರೆಂಟ್ ಕೊಡ್ತೀನಿ," ಎಂದ. ನನ್ನ ಮುಖ ನೋಡಿ, ಮಾತಾಡದೆ ಜೋಳದೊಳಗೆ ಕರೆದುಕೊಂಡು ಹೋದ. ತೆನೆ ಹೊತ್ತ ಜೋಳ ಮಲಗಿಬಿಟ್ಟಿತ್ತು, ಯಾರೋ ಉರುಳಾಡಿದ ಹಾಸಿಗೆಯಂತೆ. ಹಂದಿ ತಿಂದದ್ದಕ್ಕಿಂತ ಮುರಿದು ತುಳಿದದ್ದೇ ಹೆಚ್ಚು. ತಮ್ಮನ ಸಿಟ್ಟು ಸುಳ್ಳಲ್ಲ. ಆದರೆ ತಂತಿಯ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ಬೇರೊಂದು ಊರಿನಲ್ಲಿ ನಮ್ಮ ನೆಂಟರೊಬ್ಬರು ರಾತ್ರಿ ನೀರು ಹಾಯಿಸಲು ಹೋಗಿ, ಪಕ್ಕದ ಹೊಲದವರು ಹಂದಿಗೆಂದು ಎಳೆದ ಇಂಥದೇ ತಂತಿ ತುಳಿದು ತೀರಿಕೊಂಡಿದ್ದರು. ಅವರ ಹೆಂಡತಿ ಇಂದಿಗೂ ಸಂಜೆಯಾದ ಮೇಲೆ ಮಕ್ಕಳನ್ನು ಹೊಲಕ್ಕೆ ಬಿಡುವುದಿಲ್ಲ.

ನಮ್ಮ ಮುತ್ಯಾನ ಕಾಲದಲ್ಲೂ ಹಂದಿ ಬರುತ್ತಿತ್ತು. 1948ರವರೆಗೆ ನಮ್ಮ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತಷ್ಟೆ. ಆಗ ಬಂದೂಕು ದೊಡ್ಡವರ ಮನೆಯ ಸೊತ್ತು. ರೈತನಿಗೆ ಇದ್ದದ್ದು ನಾಯಿ, ಬಲೆ, ಭರ್ಚಿ ಎಂದು ಮುತ್ಯಾ ಹೇಳುತ್ತಿದ್ದ. ನಮ್ಮದು ಮಾಂಸ ಮುಟ್ಟದ ಮನೆ. ಆದರೂ ಸುಗ್ಗಿ ಹತ್ತಿರ ಬಂದಾಗ ಬೇಟೆ ಬಲ್ಲ ಒಬ್ಬರನ್ನು ಮುತ್ಯಾ ಕರೆಸುತ್ತಿದ್ದ. ಹಂದಿ ಅವರಿಗೆ, ಜೊತೆಗೆ ನಮ್ಮ ಕಡೆಯಿಂದ ಜೋಳ. ಹಿಂಸೆಯನ್ನು ಕೂಲಿಗೆ ಕೊಟ್ಟು ನಾವು ಕೈ ತೊಳೆದುಕೊಂಡೆವೇ ಎಂದು ಈಗ ಅನ್ನಿಸುತ್ತದೆ. ಆಗ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಅವರನ್ನು ನಾವು ಮಕ್ಕಳು ಮಾಮಾ ಎನ್ನುತ್ತಿದ್ದೆವು.

ಮಾಮಾ ಬಂದ ದಿನವೇ ಬಲೆ ಹಾಕಿದವರಲ್ಲ. ಎರಡು ದಿನ ಸುಮ್ಮನೆ ತಿರುಗುತ್ತಿದ್ದರು. ಹಳ್ಳದ ಕೆಸರಿನಲ್ಲಿ ಹೊರಳಾಡಿದ ಗುರುತು, ಆ ಕೆಸರನ್ನು ಉಜ್ಜಿದ ಜಾಲಿಯ ಬೊಡ್ಡೆ, ನೆಲವನ್ನು ಮೂತಿಯಿಂದ ಉತ್ತು ಗಡ್ಡೆ, ಹುಳ ಕೆದಕಿದ ಜಾಗ ಎಲ್ಲ ನೋಡುತ್ತಿದ್ದರು. ಬೊಡ್ಡೆಯ ಮೇಲೆ ಕೆಸರು ಎಷ್ಟು ಎತ್ತರಕ್ಕಿದೆಯೋ ಹಂದಿ ಅಷ್ಟು ಎತ್ತರ. ಹೆಜ್ಜೆಯಲ್ಲಿ ಎರಡು ಗೊರಸಿನ ಹಿಂದೆ ಇನ್ನೆರಡು ಸಣ್ಣ ಗುರುತು ಮೂಡಿದ್ದರೆ ಅದು ಹಂದಿ, ಜಿಂಕೆಯಲ್ಲ. "ಹಂದೀ ಕಣ್ಣು ಮಂದ, ಮೂಗು ಚುರುಕು. ಗಾಳಿ ನಿನ್ನ ಬೆನ್ನಿಗಿ ಇತ್ತಂದ್ರ ನೀ ಮನ್ಯಾಗ ಕುಂತಂಗೇ ಲೆಕ್ಕ," ಎನ್ನುತ್ತಿದ್ದರು.

ನನಗೆ ಬೆರಗಾದದ್ದು ಬೇರೆ ಸಂಗತಿ. ಹಿಂಡನ್ನು ನಡೆಸುವುದು ಕೋರೆಹಲ್ಲಿನ ಗಂಡಲ್ಲ, ಹಿರಿಯ ಹೆಣ್ಣು. ದೊಡ್ಡ ಗಂಡು ಬಹುಮಟ್ಟಿಗೆ ಒಂಟಿ, ಬೆದೆಯ ಕಾಲಕ್ಕೆ ಮಾತ್ರ ಹಿಂಡಿಗೆ ಬರುತ್ತದೆ. ಯಾವ ಹಳ್ಳದಲ್ಲಿ ನೀರು ಉಳಿದಿದೆ, ಯಾವ ಹೊಲದ ಕಾಳು ಹಾಲು ತುಂಬಿದೆ ಎಂಬುದೆಲ್ಲ ಆ ಅಜ್ಜಿಯ ತಲೆಯಲ್ಲಿ. ಸುಮಾರು ನಾಲ್ಕು ತಿಂಗಳ ಬಸಿರು. ಹೆರಿಗೆ ಹತ್ತಿರವಾದಾಗ ಹುಲ್ಲು ಕಡಿದು ಗುಡ್ಡೆ ಹಾಕಿ, ಅದರೊಳಗೆ ನುಸುಳಿ ಮರಿ ಹಾಕುತ್ತದೆ. ಮರಿಗಳ ಮೈಮೇಲೆ ಉದ್ದುದ್ದ ಪಟ್ಟೆ. ಇಂಥ ಗುಡ್ಡೆ ಕಂಡರೆ ಮಾಮಾ ಸಿಳ್ಳು ಹಾಕಿ ನಾಯಿಗಳನ್ನು ಹಿಂದಕ್ಕೆ ಕರೆಯುತ್ತಿದ್ದರು. ದಯೆಯೋ, ಬಾಣಂತಿ ಹಂದಿಯ ಭಯವೋ, ನಾನು ಕೇಳಲಿಲ್ಲ.

ಹಂದಿಬೇಟೆಯ ನಾಯಿಗೆ ಕಲ್ಲು ನಿಲ್ಲಿಸಿ ಪೂಜಿಸಿದವರು ಕನ್ನಡಿಗರು. ಮಗಳನ್ನು ನೋಡಲು ಬೆಂಗಳೂರಿಗೆ ಹೋದಾಗ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನ ನೋಡಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಈ ಕಲ್ಲಿಗೆ ನಮ್ಮ ಸೀಮೆಯ ನಂಟೂ ಇದೆ. ನಮ್ಮ ಪಕ್ಕದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಜೊತೆಗಿದ್ದ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೇರ ಕಲ್ಲು ನೆಡಿಸಿ, ಭೂಮಿ ಬಿಡಿಸಿದ. ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದೆಂಬ ಕಟ್ಟಳೆಯೂ ಅದರಲ್ಲಿದೆ. ಕಲ್ಲಿನ ಮೇಲೆ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಕೊಂದ ನಾಯಿಯೊಡನೆ ಸತ್ತ ಹಂದಿಗೂ ಜಾಗ ಸಿಕ್ಕಿದೆ. ಅಲ್ಲಿ ನಿಂತಾಗ ನನಗೆ ಮಾಮಾನ ನಾಯಿಗಳು ನೆನಪಾದವು. ಕೋರೆ ತಾಗಿ ಹೊಟ್ಟೆ ಬಗಿಸಿಕೊಂಡ ಒಂದಕ್ಕೆ ನಮ್ಮ ಆಯಿ ಅರಿಶಿನ ತುಂಬಿ, ದಬ್ಬಣದಿಂದ ಹೊಲಿದಿದ್ದಳು. ಅದು ಬದುಕಿತು.

ನಮ್ಮ ಜಿಲ್ಲೆಯ ಬಸವಕಲ್ಯಾಣವಂತೂ ವರಾಹದ ಊರೇ. ಅಲ್ಲಿಂದ ಆಳಿದ ಚಾಲುಕ್ಯರ ಲಾಂಛನ ವರಾಹ. ಭೂಮಿಯನ್ನು ಎತ್ತಿ ತಂದ ದೇವರ ರೂಪ ಅದು. ಅಜ್ಜಿಯ ಕಥೆಯ 'ಸಾವಿರ ವರಾಹ' ಇದೆಯಲ್ಲ, ಆ ಹೊನ್ನಿನ ನಾಣ್ಯಕ್ಕೆ ಹೆಸರು ಬಂದದ್ದೂ ಹಂದಿಯಿಂದಲೇ. ಅದೇ ವಂಶದ ಮೂರನೆಯ ಸೋಮೇಶ್ವರ (1126-1138) ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಬೇಟೆಯ ವಿನೋದವಿದೆ, ಅಡುಗೆಯ ಭಾಗವೂ ಇದೆ. ಹಂದಿಯ ಮೈಗೆ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕೀಳುವುದನ್ನೂ ಅರಸ ಬಿಡದೆ ವಿವರಿಸುತ್ತಾನೆ. ಮುದ್ರೆಯಲ್ಲಿ ದೇವರು, ಒಲೆಯಲ್ಲಿ ಸಾರು! ಹೊಲದ ರೈತನಿಗೆ ಅದು ಏನಾಗಿತ್ತೆಂದು ಅರಸರ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಮಂಚಿಕೆಯ ಮೇಲೆ ನಿದ್ದೆಗೆಟ್ಟು ಡಬ್ಬಿ ಬಾರಿಸಿದ ನನಗೇ ಗೊತ್ತು.

ಈಗಿನ ಹಂದಿಯ ಬದುಕು ಬದಲಾಗಿದೆ. ಮೊದಲು ಹಗಲೆಲ್ಲ ಹಳ್ಳದ ಜಾಲಿ, ಈಚಲು ಪೊದೆಯಲ್ಲಿ ಬಿದ್ದುಕೊಂಡು ಕತ್ತಲಾದ ಮೇಲೆ ಹೊಲಕ್ಕೆ ಬರುತ್ತಿತ್ತು; ಬೆಳಗಿನ ಜಾವ ತಿರುಗಿ ಹೋಗುವ ದಾರಿಗೆ ಮಾಮಾ ಬಲೆ ಕಟ್ಟುತ್ತಿದ್ದರು. ಜಿಲ್ಲೆಗೆ ಸಕ್ಕರೆ ಕಾರ್ಖಾನೆಗಳು ಬಂದವು, ಕಬ್ಬು ಹಬ್ಬಿತು. ವರ್ಷದ ಹತ್ತು ಹನ್ನೆರಡು ತಿಂಗಳು ನಿಂತಿರುವ ಕಬ್ಬಿನಲ್ಲಿ ನೆರಳು, ಕೆಸರು, ಊಟ ಮೂರೂ ಇವೆ. ಮನೆಯೂ ಅದೇ, ಅಡುಗೆಮನೆಯೂ ಅದೇ. ತಿರುಗಿ ಹೋಗುವ ದಾರಿಯೇ ಇಲ್ಲ. ಕಾಯ್ದೆಯೂ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಹಂದಿ ಕೊಲ್ಲುವುದು ಅಪರಾಧ. 2022ರ ತಿದ್ದುಪಡಿಯಲ್ಲಿ ಅದು ಮೂರನೆಯ ಪಟ್ಟಿಯಿಂದ ಎರಡನೆಯದಕ್ಕೆ ಏರಿತು. ನಿಂತ ಬೆಳೆಗೆ ಅಪಾಯವಾದರೆ ಅನುಮತಿ ಕೊಡಲು ಕಾಯ್ದೆಯಲ್ಲಿ ದಾರಿ ಇದೆ, ಬೆಳೆಹಾನಿಗೆ ಪರಿಹಾರವೂ ಇದೆ. ಆದರೆ ಕಾಗದ ತಿರುಗುವಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ ಎಂಬುದು ತಮ್ಮನ ವಾದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಭಜ್ಜಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ಸತ್ತ ನೆಂಟರ ಮಾತು ತೆಗೆದೆ. ತಮ್ಮ ಕೇಳಿಸದವನಂತೆ ಎದ್ದು ಹೋದ. ಸಂಜೆ ಬಸ್ ಹತ್ತಿಸಲು ಬಂದವನು ನೆಲ ನೋಡುತ್ತ ಕೇಳಿದ: "ನಿನ್ನ ಹಳೀ ಸೀರಿ ಏನಾರ ಅವೇನಕ್ಕಾ?"

ಹೊಲದ ಸುತ್ತ ಬಣ್ಣದ ಸೀರೆ ಕಟ್ಟಿದರೆ ಹಂದಿ ಬೆದರುತ್ತದೆಂದು ಅನೇಕ ಕಡೆ ಕಟ್ಟುತ್ತಾರೆ. ಓಣಿಯ ಗೆಳತಿಯರನ್ನೆಲ್ಲ ಕೇಳಿ, ಎರಡು ಗಂಟು ಸೀರೆ ಹೊತ್ತು ಮರುವಾರವೇ ಹೋದೆ. ಯಾರದೋ ಬಾಣಂತನದ ವಾಯಿಲ್, ನನ್ನ ಬೀಗತಿಯ ನೈಲಾನು, ಅವ್ವನ ಹರಿದ ಇಳಕಲ್. ಇಬ್ಬರೂ ಕೂಡಿ ಗೂಟಕ್ಕೆ ಕಟ್ಟಿದೆವು. ಅವ್ವನ ಸೀರೆಯನ್ನು ಮಾತ್ರ ತಮ್ಮ ಮಡಚಿ ಕೊಂಪೆಯಲ್ಲಿಟ್ಟ.

ಬೆಳಿಗ್ಗೆ ಹೋಗಿ ನೋಡಿದೆವು. ಸೀರೆಯ ಅಂಚಿನುದ್ದಕ್ಕೂ ಹೆಜ್ಜೆಗಳು, ದೊಡ್ಡವು ಮುಂದೆ, ಸಣ್ಣವು ಹಿಂದೆ. ಒಂದು ಕಡೆ ನಿಂತು ಮೂಸಿ ನೋಡಿದ ಗುರುತಿತ್ತು. ಅಲ್ಲಿಂದ ಅಜ್ಜಿ ತನ್ನ ಸಂಸಾರವನ್ನು ಪಕ್ಕದ ಹೊಲಕ್ಕೆ ತಿರುಗಿಸಿಕೊಂಡು ಹೋಗಿದ್ದಳು. ಆ ಹೊಲದವರು ಬದುವಿನ ಮೇಲೆ ನಿಂತು ನಮ್ಮ ಸೀರೆಗಳನ್ನೇ ನೋಡುತ್ತಿದ್ದರು. ತಂತಿಯ ಸುರುಳಿ ಕೊಂಪೆಯಲ್ಲಿ ಇನ್ನೂ ಇತ್ತು. "ಅವರು ಕೇಳಿದ್ರ ಕೊಡಬ್ಯಾಡ," ಎಂದೆ. ತಮ್ಮ ಅದನ್ನೆತ್ತಿ ನನ್ನ ಚೀಲಕ್ಕೆ ಹಾಕಿದ.