ಹೆಸರು ಬದಲಾದ ಬ್ಯಾಂಕು

ತಲಘಟ್ಟಪುರದ ನಮ್ಮ ಮನೆಯ ಟ್ರಂಕಿನಲ್ಲಿ ಅಮ್ಮ ವೈಶ್ಯ ಬ್ಯಾಂಕಿನ 40 ಷೇರುಗಳ ಪತ್ರವನ್ನು ಜೋಪಾನವಾಗಿ ಇಟ್ಟಿದ್ದಳು. 1930ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬ್ಯಾಂಕು ಅದು. ಡಚ್ಚರ ಐಎನ್‌ಜಿ ಸಂಸ್ಥೆ ತನ್ನ ಪಾಲು ಹೆಚ್ಚಿಸಿಕೊಂಡ ಮೇಲೆ, 2002ರಲ್ಲಿ ‘ಐಎನ್‌ಜಿ ವೈಶ್ಯ’ ಆಯಿತು.

“ನಮ್ಮ ಷೇರು ಹೋಯಿತೇನೇ?” ಅಮ್ಮನಿಗೆ ಗಾಬರಿ.

“ಹೆಸರು ಬದಲಾದರೆ ಷೇರು ಕರಗುವುದಿಲ್ಲಮ್ಮ. ಬದಲಿಸಬೇಕಾದರೂ ಷೇರುದಾರರ ಮುಕ್ಕಾಲು ಪಾಲು ಮತ ಬೀಳಬೇಕು” ಎಂದೆ.

ಅಮ್ಮ ನಕ್ಕಳು. “ಅತ್ತೆಮನೆಯಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದಾಗ ನನ್ನನ್ನು ಯಾರು ಕೇಳಿದ್ದರು?”

2015ರ ಏಪ್ರಿಲ್ 1ರಂದು ಬ್ಯಾಂಕು ಕೋಟಕ್ ಮಹೀಂದ್ರದಲ್ಲಿ ವಿಲೀನವಾಯಿತು. ಸಾವಿರಕ್ಕೆ 725ರ ಲೆಕ್ಕದಲ್ಲಿ ಅಮ್ಮನ 40 ಷೇರು 29 ಆಯಿತು. ಹೊಸ ಷೇರಿಗೆ ಬೆಲೆ ಹೆಚ್ಚು ಎಂದು ಸಮಾಧಾನ ಹೇಳಿದೆ. ಅಮ್ಮ ಹಳೆಯ ಪತ್ರದ ಮೇಲಿದ್ದ ತನ್ನ ಹೆಸರನ್ನೇ ನೋಡುತ್ತಿದ್ದಳು. ಅದು ಅತ್ತೆಮನೆಯವರು ಇಟ್ಟ ಹೆಸರು.